ಆ ಮೂರು ಹೆಣ್ಮಕ್ಕಳು ಎದಕ ಹೋಗಿದ್ರು

ಈಸ್ಟರ್ ಅಂದ್ರ ನನಗ ಮೊದಲ ಮೂಗಿಗೆ ಬರೂದು ಅತ್ತರಿನ ವಾಸನಿ. ಬಂತಂದ್ರ ಮಾರಿ ಆ ಕಡೆ ಹೊರಳಸ್ತೀನಿ. ಸತ್ತ ಸ್ವಾಮಿ ಮೂರನೇ ದಿನ ಎದ್ದು ಬಂದ ಖುಷಿ ಹಬ್ಬಾ ಅದು, ಅದಕ್ಕ ಈ ಮುದುಕಿ ಯಾಕ ಮಾರಿ ಸೊಟ್ಟ ಮಾಡತಾಳ ಅಂತ ಕೇಳೂರು ಕೇಳ್ಲಿ. ನನಗೂ ಒಂದೀಟು ಹೇಳೂದೈತಿ.

ಬೆಳಗಾವ್ಯಾಗ ನಮ್ಮ ಕನ್ನಡ ಚರ್ಚಿನ ಮಂದಿ ಈಸ್ಟರ್ ದಿನ ನಸುಕಿನ್ಯಾಗ ಎದ್ದು ಸ್ಮಶಾನಕ್ಕ ಹೋಗ್ತಾರ. ವಾರ ಮೊದಲ ಗೋರಿಗೋಳ ಸುತ್ತ ಹುಲ್ಲು ಕಿತ್ತು, ಸುಣ್ಣಾ ಹಚ್ಚಿ, ಆವತ್ತ ತಮ್ಮ ತಮ್ಮ ಮಂದಿ ತಲಿಕಡೆ ಮೇಣಬತ್ತಿ ಹಚ್ತಾರ. ಬೆಳಕ ಹರಿಯೂ ಹೊತ್ತಿಗೆ ಒಂದು ಸಣ್ಣ ನಾಟಕ ಇರತೈತಿ. ಮೂರು ಹೆಣ್ಮಕ್ಕಳು ಯೇಸುಸ್ವಾಮಿ ಗೋರಿಗೆ ಸುಗಂಧ ತಗೊಂಡು ಹೋಗ್ತಾರ. ಗೋರಿ ಖಾಲಿ ಇರತೈತಿ. ಸ್ವಾಮಿ ಎದ್ದಾನ ಅನ್ನೂ ಸುದ್ದಿ ಮೊದಲ ಅವರ ಕಿವಿಗೆ ಬೀಳತೈತಿ. ಆ ನಾಟಕ ಬರದಾಕಿ ನಾನ. ಮಹಿಳಾ ಸಂಘದ ಕಾರ್ಯದರ್ಶಿ ಅಂತ ಬಾಳ ವರ್ಷ ಕುಂತಾಕೀನೂ ನಾನ. ಸಾಲ್ಯಾಗ ಕನ್ನಡ ಕಲಸಿದ ಅಕ್ಕೋರು ಅಂತ ಬರಿಯೂದೆಲ್ಲ ನನ್ನ ಕೊಳ್ಳಿಗೇ ಬರ್ತಿತ್ತು.

ಆ ಮೂವರು ಹೆಂಗ ಹೊಂಟು ಬರ್ತಿದ್ರು ನೋಡಬೇಕಿತ್ತು ನೀವು. ಶಹಾಪುರದ ಅಂಗಡ್ಯಾಗ ಆರಿಸಿ ತಂದ ರೇಶಿಮಿ ಸೀರಿ, ಮುಡಿ ತುಂಬ ಮಲ್ಲಿಗಿ, ಕೈಯಾಗ ಹಿತ್ತಾಳಿ ಹರಿವಾಣ, ಹರಿವಾಣದಾಗ ಊದಿನಕಡ್ಡಿ, ನಡುವ ಅತ್ತರಿನ ಬಾಟ್ಲಿ. ಹರಕಿ ಒಪ್ಪಸಾಕ ಹೊಂಟಂಗ. ಸುಗಂಧ ಅಂದ್ರ ದೇವರಿಗೆ ಏರಿಸೂದು ಅಂತ ನಮ್ಮ ತಲ್ಯಾಗ ಕುಂತಿತ್ತು, ಯಾಕಂದ್ರ ಸುತ್ತಮುತ್ತ ಎಲ್ಲಾ ಗುಡಿಗೂ ಮಂದಿ ಹಂಗ ಹರಿವಾಣ ಹಿಡಕೊಂಡ ಹೋಗ್ತಾರ. ನಾನೂ ಹಂಗ ಬರದಿದ್ನಿ. ಸ್ವಾಮಿಗೆ ಸುಗಂಧ ಅರ್ಪಿಸೋಣ ಬನ್ನಿ ಅಂತ, ದೊಡ್ಡ ಗ್ರಾಂಥಿಕ ಭಾಷಾದಾಗ. ಓದಿದಾಕಿ, ಓದಸಿದಾಕಿ. ಎದಕ ಹೊಂಟಾರ ಅಂತ ಒಂದ ದಿನ ವಿಚಾರ ಮಾಡಲಿಲ್ಲ.

ವಿಚಾರ ಮಾಡಿಸಿದಾಕಿ ನಮ್ಮ ದೊಡ್ಡವ್ವ, ನಮ್ಮವ್ವನ ಅಕ್ಕ. ಖಾನಾಪುರದಾಕಿ. ಹೆಣಾ ತೊಳಿಯಾಕಿ.

ಹೌದ್ರಿ, ಹೆಣಾ ತೊಳಿಯಾಕಿ. ಖಾನಾಪುರದ ಕಡೆ ನಮ್ಮ ಮಂದ್ಯಾಗ ಯಾವ ಹೆಣ್ಮಗಳು ಸತ್ತರೂ ಮೈ ತೊಳಿಯಾಕ ಆಕೀನ್ನ ಕರೀತಿದ್ರು. ಬೆಳಗಾವಿಯಿಂದನೂ ಕರೆ ಹೋಗ್ತಿತ್ತು. ಆಕಿ ಕದಾ ಮುಂದ ಮಾಡಿ, ಸೀರಿ ಎತ್ತಿ ಕಟ್ಟಿ, ಉಗುರಬೆಚ್ಚಗಿನ ನೀರಿಲೆ ತೊಳೀತಿದ್ಳು. ತಣ್ಣೀರು ಹಾಕಗೊಡ್ತಿರಲಿಲ್ಲ. ತೊಳಕೋತ ಸತ್ತವರ ಜೋಡಿ ಮಾತಾಡ್ತಿದ್ಳು, ಈಗ ಕೈ ಎತ್ತತೀನಿ ನೋಡವಾ, ಈಗ ಹೊರಳಸ್ತೀನಿ, ತ್ರಾಸ ತಗೋಬ್ಯಾಡ ಅಂತ. ತಲಿ ಬಾಚಿ, ಉಗುರು ತಗದು, ಬಿಳಿ ಸೀರಿ ಉಡಿಸಿ, ಕಿವಿ ಹಿಂದ ಎರಡ ಹನಿ ಅತ್ತರ ಹಚ್ಚಿ ಕದಾ ತೆಗೀತಿದ್ಳು. ಒಳಗ ಕಂಡಿದ್ದು, ಯಾರ ಬೆನ್ನಾಗ ಎಂಥಾ ಹುಣ್ಣು, ಯಾರ ಮೈಮ್ಯಾಲ ಯಾರು ಹೊಡದ ಬರಿ, ಒಂದೂ ಹೊರಗ ಆಡ್ತಿರಲಿಲ್ಲ.

ಮಂದಿ ಏನ ಮಾಡ್ತಿದ್ರು ಅಂತೀರಿ? ಕದಾ ತೆಗದಕೂಡ್ಲೆ ಹಿಂದ ಸರೀತಿದ್ರು. ಆಕಿ ಕೈಯಾಗಿನ ನೀರು ಕುಡೀತಿರಲಿಲ್ಲ. ಮದವಿ ಮನಿಗೆ ಕರೀತಿರಲಿಲ್ಲ, ಕರದ್ರೂ ಕಡೀ ಸಾಲಿನ್ಯಾಗ ಊಟಕ್ಕ ಕುಂದರಸ್ತಿದ್ರು. ಹೊಳಿ ದಾಟಿದ ಮ್ಯಾಲ ಅಂಬಿಗನ ಗೊಡವಿ ಯಾಕ ಅಂತಾರಲ್ಲ, ಹಂಗ. ನಮ್ಮದು ಜಾತಿ ಇಲ್ಲದ ಧರ್ಮ ಅಂತ ಭಾಷಣ ಮಾಡೂ ಮಂದೀನ ಇವರು. ಥೂ.

ಎರಡು ವರ್ಷದ ಹಿಂದ ಮೊಣಕಾಲು ಪೂರಾ ಹೋಗಿ ಆಕಿಗೆ ಒಬ್ಬಾಕೀನ ಇರೂದು ಆಗಲಿಲ್ಲ. ಮಕ್ಕಳಿರಲಿಲ್ಲ. ವಡಗಾವಿಯ ನನ್ನ ಮನಿಗೆ ಕರಕೊಂಡು ಬಂದ್ನಿ. ನಮ್ಮ ಓಣ್ಯಾಗ ಮುಂಜಾನಿಂದ ಮಗ್ಗದ ಸಪ್ಪಳ, ಮಾತು ಕೇಳಬೇಕಂದ್ರ ಒದರಬೇಕು. ಬಂದ ದಿನಾನ ಆಕಿ ಕಟ್ಟಿಮ್ಯಾಲ ಕುಂತು ಆ ಸಪ್ಪಳದಾಗ ಗಟ್ಟ್ಯಾಗಿ ಕೇಳಿದ್ಳು.

"ಎಲ್ಲಾರನ್ನೂ ನಾ ತೊಳದೆ. ನನ್ನ ಮೈ ಯಾರು ತೊಳೀತಾರವಾ?"

ಆಕಿಗಿದ್ದ ಚಿಂತಿ ಅದೊಂದ. ಸಾಯೂದರ ಅಂಜಿಕಿ ಇರಲಿಲ್ಲ. ಕೆಲಸಾ ಕಲಿಯಾಕ ಒಬ್ಬಾಕೀನೂ ಮುಂದ ಬಂದಿರಲಿಲ್ಲ. ನಾ ಏನಂದ್ನಿ? ಅದೆಲ್ಲಾ ಈಗ ಯಾಕ, ಚಾ ಕುಡಿ ಅಂದ್ನಿ. ಆ ಚಾ ಎದರಾಗ ಕೊಟ್ನಿ ಅನ್ನೂದನ್ನೂ ಹೇಳಿಬಿಡ್ತೀನಿ. ಶೋಕೇಸಿನ್ಯಾಗ ಪಿಂಗಾಣಿ ಕಪ್ಪು-ಬಸಿ ಸಾಲಾಗಿ ಇದ್ವು. ನಾ ಅಡಗಿಮನಿ ಮೂಲ್ಯಾಗಿನ ಒಂದು ಸ್ಟೀಲ್ ಲೋಟಾ ತಗದ್ನಿ. ಆಮ್ಯಾಲ ದಿನಾ ಅದ ಲೋಟಾ. ಬ್ಯಾರೆ ತೊಳದು ಬ್ಯಾರೆ ಕಡೆ ಡಬ್ಬ ಹಾಕ್ತಿದ್ನಿ. ಮಂದೀನ್ನ ಬೈಯೂ ಮೊದಲ ನನ್ನ ಹೊಲಸು ನಾ ಹೇಳಬೇಕಲ್ಲ.

ಆ ವರ್ಷ ಈಸ್ಟರಿನ ಮೊದಲಿನ ಉಪವಾಸದ ದಿನದಾಗ ನಾಟಕದ ತಾಲೀಮು ನಮ್ಮ ಮನ್ಯಾಗ ನಡೀತು. ಸಂಘದ ಅಧ್ಯಕ್ಷಬಾಯಿ ಬಂದಿದ್ರು. ದಪ್ಪ ಕುಳದವರು, ಅವರು ಹೇಳಿದ್ದ ಆಗಬೇಕು. ಮೂವರು ಹರಿವಾಣ ಹಿಡದು ನಮ್ಮ ಪಡಸಾಲ್ಯಾಗ ಹೆಜ್ಜಿಮ್ಯಾಲ ಹೆಜ್ಜಿ ಇಟಗೋತ ಬಂದ್ರು. ಮೂಲ್ಯಾಗ ಕುಂತಿದ್ದ ದೊಡ್ಡವ್ವ ನಕ್ಕಳು. ಎದಕ ನಗತೀರಿ ಅಂತ ಒಬ್ಬಾಕಿ ಕೇಳಿದ್ಳು. ದೊಡ್ಡವ್ವ ಹೇಳಾಕ ಶುರು ಮಾಡಿದ್ಳು.

ನೀವು ಆರತಿ ಮಾಡಾಕ ಹೊಂಟೀರಿ, ಅವರು ಹೆಣಾ ತೊಳಿಯಾಕ ಹೊಂಟಿದ್ರು ಅಂದ್ಳು. ಶುಕ್ರವಾರ ಇಳಿಹೊತ್ತಿಗೆ ಸ್ವಾಮಿ ಸತ್ತ. ಹೊತ್ತು ಮುಣುಗಿದ್ರ ಅವರ ಸಬ್ಬತ್ತು, ಕೆಲಸಾ ಮಾಡಂಗಿಲ್ಲ. ಗಂಡಸರು ಗಡಿಬಿಡಿಲೆ ಅರಿವ್ಯಾಗ ಸುತ್ತಿ ಗೋರ್ಯಾಗ ಇಟ್ಟು ಬಂದ್ರು. ಗಡಿಬಿಡಿ ಕೆಲಸಾ ಹೆಣ್ಮಕ್ಕಳ ಮನಸ್ಸಿಗೆ ಬರತೈತೇನು? ರಗತಾ ಹೆಪ್ಪುಗಟ್ಟಿದ ಮೈ, ಮುಳ್ಳು ಚುಚ್ಚಿದ ತಲಿ. ಶನಿವಾರ ಕೈ ಕಟಗೊಂಡು ಕುಂತ್ರು. ಐತವಾರ ಕತ್ತಲಿದ್ದಂಗನ ಎದ್ದು ಓಡಿದ್ರು. ಮೂರನೇ ದಿನದ ಹೆಣಾ ಹೆಂಗ ಇರತೈತಿ ನಿಮಗ ಗೊತ್ತೈತೇನು, ನನಗ ಗೊತ್ತೈತಿ ಅಂದ್ಳು. ಆ ಸುಗಂಧ ಅದಕ್ಕ. ದೇವರಿಗೆ ಏರಿಸಾಕಲ್ಲ, ವಾಸನಿ ತಡಕೊಂಡು ಕೈ ಹಚ್ಚಾಕ. ಮತ್ತ ಮೂರ ಮಂದಿ ಯಾಕ? ಹೆಣಾ ಒಬ್ಬರ ಕೈಲೆ ಹೊರಳಂಗಿಲ್ಲ. ಒಬ್ಬಾಕಿ ಹೊರಳಸಾಕ, ಒಬ್ಬಾಕಿ ನೀರು ಹಾಕಾಕ, ಒಬ್ಬಾಕಿ ಒರಸಾಕ, ಬರೋಬ್ಬರಿ ಮೂವರು. ಗೋರಿ ಬಾಗಲಿನ ಕಲ್ಲು ಯಾರು ಸರಸ್ತಾರ ಅನ್ನೂದು ಅವರಿಗೆ ದಾರ್ಯಾಗ ನೆನಪಾತು. ಆದ್ರೂ ತಿರುಗಿ ಬರಲಿಲ್ಲ. ಗಂಡಸರೆಲ್ಲ ಕದಾ ಹಾಕ್ಕೊಂಡು ಒಳಗ ಕುಂತಿದ್ರು. ಹೇಸದ ಹೋದವರಿಗೆ ಮೊದಲ ಸುದ್ದಿ ಸಿಕ್ತು. ಹಬ್ಬಾ ಅಂದ್ರ ಅದ ನೋಡ್ರಿ ಅಂದ್ಳು.

ಇಷ್ಟು ವರ್ಷ ಪಾಸ್ಟರುಗಳ ಉಪದೇಶ ಕೇಳೀನಿ. ಈ ಹಬ್ಬದ ಅರ್ಥ ನನಗ ಹಿಂಗ ಯಾರೂ ಹೇಳಿರಲಿಲ್ಲ. ಈ ಕಡೆ ನೋಡಿದ್ರ ಒಬ್ಬಾಕಿ ಸೆರಗು ಮೂಗಿಗೆ ಹಿಡದಿದ್ಳು, ಮಾತಿಗೇ ವಾಸನಿ ಬಂದಂಗ. ಮೂವರಾಗ ಒಬ್ಬಾಕಿ ನಾ ಆಗ್ತೀನಿ ಈ ಸಲ ಅಂತ ದೊಡ್ಡವ್ವ ಕೇಳಿಕೊಂಡ್ಳು. ಹಂಗ ಮಾಡಿ ತೋರಿಸಿದ್ರ ಒಬ್ಬಾಕಿಗರ ಕಲಿಯೂ ಮನಸ್ಸು ಬಂದೀತು ಅನ್ನೂ ಆಸೆ ಆಕಿಗೆ. ಅಧ್ಯಕ್ಷಬಾಯಿ ನಗುಮಾರಿ ಮಾಡಿ, ಮೊಣಕಾಲ ನೋವೈತಿ ಆಯೀ, ನಿಮಗ ನಡಿಯಾಕ ಆಗೂದಿಲ್ಲ ಅಂದ್ರು. ನನ್ನನ್ನ ಅಡಗಿಮನಿಗೆ ಎಳಕೊಂಡು ಹೋಗಿ ಖರೇ ಮಾತು ಹೇಳಿದ್ರು.

"ಹಬ್ಬದ ದಿನ ಆ ಕೈಯಾಗ ಹರಿವಾಣ ಕೊಡಾಕ ಹೇಸಿಗಿ ಅನಸೂದಿಲ್ಲೇನ್ರಿ ನಿಮಗ?"

ಹೇಸಿಗಿ. ಈ ಅಧ್ಯಕ್ಷಬಾಯಿಯ ಸ್ವಂತ ಅವ್ವ ಖಾನಾಪುರದಾಗ ಬಾಳ ದಿನ ಹಾಸಗಿ ಹಿಡದು ಸತ್ತಾಗ ಬೆನ್ನಿನ ಹುಣ್ಣಿನ್ಯಾಗ ಹುಳಾ ಆಗಿದ್ವು. ಈ ಬಾಯಿ ಹೊರಗ ಅಂಗಳದಾಗ ಮೂಗು ಮುಚ್ಚಿಕೊಂಡು ನಿಂತಿದ್ರು. ತೊಳದಾಕಿ ದೊಡ್ಡವ್ವ. ನನಗ ಹೆಂಗ ಗೊತ್ತು ಅಂದ್ರ ನೀರು ಕೊಡಾಕ ನಾ ಹೋಗಿದ್ನಿ. ಹೊಸ್ತಿಲದಾಗ ಕೊಡಾ ಇಟ್ಟು, ಕದದ ಸಂದಿಲೆ ಕಂಡಕೂಡ್ಲೆ ಹಿಂದ ಸರದ್ನಿ, ಒಳಗ ಹೋಗಲಿಲ್ಲ. ಆವತ್ತ ಅಡಗಿಮನ್ಯಾಗ ಅದೆಲ್ಲಾ ನಾಲಿಗಿ ತುದಿಗೆ ಬಂದಿತ್ತು. ಆಡಬೇಕಿತ್ತು. ಹೆಣಾ ತೊಳಿಯೂ ಖೋಲ್ಯಾಗ ಕಂಡಿದ್ದು ಹೊರಗ ಆಡಬಾರದು ಅನ್ನೂ ದೊಡ್ಡವ್ವನ ನೇಮ ನೆಪಾ ಮಾಡಿ ಬಾಯಿ ಮುಚ್ಚಿದ್ನಿ. ನೇಮಕ್ಕಲ್ಲ, ಅಂಜಿಕಿಗೆ. ಅಧ್ಯಕ್ಷಬಾಯಿ ಎದುರ ಹಾಕ್ಕೊಂಡ್ರ ಸಂಘದಾಗ ನನ್ನ ಖುರ್ಚಿ ಹೋದೀತು ಅಂತ.

ನಾಟಕದಾಗ ಜಾಗಾ ಸಿಗಲಿಲ್ಲ, ತತ್ತಿನರ ಮಾಡ್ತೀನಿ ಅಂದ್ಳು ದೊಡ್ಡವ್ವ. ಈಸ್ಟರಿಗೆ ಬಣ್ಣದ ತತ್ತಿ ಹಂಚೂದು ನಮ್ಮಲ್ಲೆ ರೂಢಿ. ಆಕಿ ಉಳ್ಳಾಗಡ್ಡಿ ಸಿಪ್ಪಿ ಹಾಕಿ ಕುದಿಸಿದ್ರ ಖಾನಾಪುರದ ಹಂಚಿನಂಥಾ ಕೆಂಪು ಬಣ್ಣಾ ಬರ್ತಿತ್ತು. ಶನಿವಾರ ದಿನಾಪೂರ್ತಿ ಒಲಿ ಮುಂದ ಕುಂತು ಒಂದು ದೊಡ್ಡ ಬುಟ್ಟಿ ತುಂಬ ಮಾಡಿದ್ಳು. ಮುಚ್ಚಿದ ಗೋರಿ ಇದ್ದಂಗ ಇದು, ಒಡದು ಹೊರಗ ಬರೂ ಜೀವಾ ಒಳಗ ಇರತೈತಿ ಅಂತ ನನಗ ಹೇಳಿದ್ಳು. ಮರುದಿನ ನಾ ಬುಟ್ಟಿ ಒಯ್ದು ಸ್ಮಶಾನದ ಟೇಬಲ್ ಮ್ಯಾಲ ಇಟ್ನಿ. ರೇಶಿಮಿ ಸೀರಿ ಮೂವರು ಹರಿವಾಣ ಹಿಡದು ಬಂದ್ರು, ಅತ್ತರ ಚಿಮುಕಿಸಿದ್ರು, ಮಂದಿ ಮೊಬೈಲಿನ್ಯಾಗ ಫೋಟೋ ಹೊಡಕೊಂಡ್ರು. ಪ್ರಾರ್ಥನಿ ಮುಗಿದಿಂದ ಎಲ್ಲಾರ ಕೈಗೂ ಬೇಕರಿ ಪೊಟ್ಟಣ ಬಂತು. ಬುಟ್ಟಿ ಟೇಬಲ್ ಮ್ಯಾಲ ಇರಲಿಲ್ಲ.

ಹುಡುಕಿದ್ನಿ. ಗ್ವಾಡಿ ಹಿಂದ ಬಾಡಿದ ಹೂವು, ಹಳೇ ಮೇಣ ಹಾಕೂ ಡ್ರಮ್ಮಿನ್ಯಾಗ ಬಿದ್ದಿದ್ವು, ಅಷ್ಟೂ ತತ್ತಿ. ಆಗಲೇ ಇರಿವಿ ಹತ್ತಿದ್ವು. ನನಗ ಹೇಸಿಗಿ ಬಂತು. ಇರಿವಿ ನೋಡಿ ಅಲ್ರಿ. ತತ್ತಿಗೆ ಸಿಪ್ಪಿ ಇರತೈತಿ. ಆಕಿ ಕೈ ಮುಟ್ಟಿದ್ದು ಸಿಪ್ಪಿಗೆ, ತಿನ್ನೂದು ಒಳಗಿಂದು. ಸುಲದು ತಿನ್ನೂ ಪದಾರ್ಥಕ್ಕೂ ಇವರಿಗೆ ಹೇಸಿಗಿ! ಸಾವು ಸೋತು ಹೋತು ಅಂತ ಈಗಷ್ಟ ಗಂಟಲಾ ಹರಕೊಂಡು ಹಾಡಿದ ಮಂದಿ, ಸಾವು ಮುಟ್ಟಿದ ಕೈಗೆ ಅಂಜಿ ತತ್ತಿ ಒಗದಿದ್ರು. ಇದಕ್ಕಿಂತ ಅಸಹ್ಯ ನಾ ನೋಡಿಲ್ಲ. ನೋಡಿ ಏನ ಮಾಡಿದ್ನಿ? ಡ್ರಮ್ಮಿನ ಬಾಜೂಕ ಬಿದ್ದ ಖಾಲಿ ಬುಟ್ಟಿ ಬಗಲಾಗ ಇಟಗೊಂಡು ಸುಮ್ಮನ ಮನಿಗೆ ಬಂದ್ನಿ.

ಎಲ್ಲಾ ತಿಂದ್ರೇನವಾ ಅಂತ ಕೇಳಿದ್ಳು. ತಿಂದ್ರು, ಚಲೋ ಆಗಿದ್ವು ಅಂದ್ರು ಅಂತ ಸುಳ್ಳು ಹೇಳಿ ಚಾ ಮುಂದ ಇಟ್ನಿ. ಆಕಿ ಲೋಟಾ ಎರಡೂ ಕೈಲೆ ಹಿಡದು ಬಾಳ ಹೊತ್ತು ನೋಡಿದ್ಳು.

"ಚೆಲ್ಲಿರ್ತಾರ ಬಿಡು, ನನಗ ಗೊತ್ತೈತಿ. ನೀನರ ಲೋಟಾ ಬ್ಯಾರೆ ಇಟ್ಟೀ ಖರೇ, ಆದ್ರ ಚಾ ಬಿಸಿಬಿಸಿ ಕೊಡ್ತೀ."

ಬೈದಿದ್ರ ಬೇಷಿತ್ತು. ಆಕಿ ಹೊಗಳಿದ್ಳು. ಭೂಮಿ ಬಾಯಿ ಬಿಡಬಾರದೇನು ಅನಿಸ್ತು. ಆವತ್ತ ಸಂಜಿಮುಂದ ಶೋಕೇಸ್ ತಗದು ಕಪ್ಪು-ಬಸಿ ಹೊರಗ ತಂದ್ನಿ. ಕಪ್ಪು ತಂದ್ನೇ ಹೊರತು ನನ್ನ ಮೈ ಯಾರು ತೊಳೀತಾರ ಅಂತ ಆಕಿ ಮೊದಲ ದಿನ ಕೇಳಿದ ಮಾತಿಗೆ ಉತ್ತರಾ ಕೊಡಲಿಲ್ಲ. ವರ್ಷಪೂರ್ತಿ ಆಕಿ ಆಗಾಗ ನನ್ನ ಕೈ ಹಿಡದು ನೋಡ್ತಿದ್ಳು, ನಾ ಏನರ ನೆವಾ ಹೇಳಿ ಬಿಡಿಸಿಕೋತಿದ್ನಿ.

ಮುಂದಿನ ವರ್ಷ, ಈಸ್ಟರಿನ ಹಿಂದಿನ ದಿನ ಶನಿವಾರ ಮುಂಜಾನೆ, ಅರ್ಧ ಕಪ್ಪು ಚಾ ಕುಡದು, ಉಳಿದಿದ್ದು ಆಮ್ಯಾಲ ಅಂತ ಬಸಿಲೆ ಮುಚ್ಚಿಟ್ಟು ದೊಡ್ಡವ್ವ ಗ್ವಾಡಿಗೆ ಆತು ಕುಂತ್ಳು. ಏಳಲಿಲ್ಲ. ಡಾಕ್ಟರ್ ಬಂದು ನೋಡಿ ಹೋದ್ರು. ನಾ ಅಧ್ಯಕ್ಷಬಾಯಿಗೆ ಫೋನ್ ಮಾಡಿದ್ನಿ, ಚರ್ಚಿಗೆ ಸುದ್ದಿ ಮುಟ್ಟಿಸಬೇಕಲ್ಲ. ಅಯ್ಯ ಪಾಪ ಅಂದ್ರು. ಅದರ ಬೆನ್ನಿಗೇ, ನಾಳೆ ನಸುಕಿನ್ಯಾಗ ಸ್ಮಶಾನದಾಗ ಕಾರ್ಯಕ್ರಮ ಐತಿ, ಪೆಂಡಾಲ್ ಹಾಕಿ ಆಗೇತಿ, ಹಸಿ ಗುಂಡಿ ಹಸಿ ಮಣ್ಣು ಅಂದ್ರ ಮಂದಿಗೆ ತ್ರಾಸ, ಖಾನಾಪುರಕ್ಕ ಒಯ್ದ್ರ ಹೆಂಗ ಅಂತ ಕೇಳಿದ್ರು. ಸತ್ತವರು ಏಳೂ ಹಬ್ಬಕ್ಕ ಸತ್ತಾಕಿ ಒಬ್ಬಾಕಿ ಅಡ್ಡ ಬಂದಿದ್ಳು. ಖಾನಾಪುರಕ್ಕ ಹೋಗೂದು ಆಕೀದೂ ಆಸೆ ಇತ್ತು, ತಾ ತೊಳದವರ ಬಾಜು ಮಲಗಬೇಕಂತ. ಒಯ್ತೀನಿ ಅಂದ್ನಿ. ಫೋನಿನ್ಯಾಗ ಅಧ್ಯಕ್ಷಬಾಯಿ ನಿರುಮ್ಮಳಾಗಿ ಉಸಿರು ಬಿಟ್ಟಿದ್ದು ನನಗ ಕೇಳಿಸ್ತು.

ಸಂಘದವರು ಏಳೆಂಟು ಮಂದಿ ಬಂದು ಪಡಸಾಲ್ಯಾಗ ನಿಂತ್ರು. ತೊಳಿಯಾಕ ಯಾರು ಅನ್ನೂ ಮಾತು ಬಂತು. ಆಸ್ಪತ್ರಿ ಕಡೆಯವರಿಗೆ ಹೇಳಿದ್ರ ಬರ್ತಾರ ಅಂದ್ಳು ಒಬ್ಬಾಕಿ. ನಾ ಬಚ್ಚಲಕ್ಕ ಹೋಗಿ ನೀರು ಕಾಯಾಕ ಇಟ್ನಿ. ಸುಳ್ಳ್ಯಾಕ ಹೇಳಲಿ, ನನಗೂ ಹೇಸಿಗಿ ಬಂತು. ನನ್ನ ಎತ್ತಿ ಆಡಿಸಿದ ದೊಡ್ಡವ್ವ, ಆಕಿ ಮೈ ಮುಟ್ಟಾಕ ನನ್ನ ಕೈ ಹಿಂದ ಜಗ್ಗತಿತ್ತು. ಮತ್ತ ಒಬ್ಬಾಕಿ ಕೈಲೆ ಹೆಣಾ ಹೊರಳಂಗಿಲ್ಲ ಅನ್ನೂದೂ ಆಗ ನೆನಪಾತು. ಹೊರಳಸೂರು ಯಾರು? ಆದ್ರೂ ಕೊಡಾ ತಗೊಂಡು ದೊಡ್ಡವ್ವನ್ನ ಮಲಗಿಸಿದ್ದ ಖೋಲಿ ಹೊಸ್ತಿಲಾ ದಾಟಿದ್ನಿ. ಈ ಸಲ ಒಳಗ ಹೋದ್ನಿ.

ಹಿಂದಿಂದ ಬಾಜೂಮನಿಯಾಕಿ ಬಂದ್ಳು. ಲಿಂಗಾಯತರಾಕಿ, ಗಂಡಂದು ಮಗ್ಗದ ಕೆಲಸಾ. ಈಸ್ಟರ್ ಅಂದ್ರ ಏನಂತ ಆಕಿಗೆ ಗೊತ್ತಿಲ್ಲ. ಮಗ್ಗಾ ಬಂದ್ ಮಾಡಿಸಿ ಬಂದಿದ್ಳು, ಓಣಿ ಸುಮ್ಮಾಗಿತ್ತು. ನನ್ನ ಕೇಳಲೂ ಇಲ್ಲ, ಸೆರಗು ಸಿಗಿಸಿಕೊಂಡು ದೊಡ್ಡವ್ವನ ತಲಿಕಡೆ ಕುಂತ್ಳು.

"ನಾ ಹೊರಳಸ್ತೀನಿ, ನೀವು ನೀರು ಹಾಕ್ರಿ ಅಕ್ಕೋರ."

ಮೂವರ ಕೆಲಸಾ ಇಬ್ಬರು ಮಾಡಿದ್ವಿ. ಈಗ ಕೈ ಎತ್ತತೀನಿ ನೋಡು ದೊಡ್ಡವ್ವ, ಈಗ ಬೆನ್ನು, ತ್ರಾಸ ತಗೋಬ್ಯಾಡ ಅಂತ ನನ್ನ ಬಾಯಿಂದ ತಾನ ಬಂತು. ಎರಡನೇ ಚೆರಗಿ ನೀರಿಗೆ ಹೇಸಿಗಿ ಹೋತು. ಎಲ್ಲಿ ಹೋತೋ ಏನೋ. ಆಕಿ ಮೈ ಒಂದು ಕೂಸಿನ ಮೈಯಷ್ಟ ಹಗರಿತ್ತು, ಕೈಯಷ್ಟ ದಪ್ಪ, ಬಿರುಸು. ಬಿಳಿ ಸೀರಿ ತಗಿಯಾಕ ಕಪಾಟ ತಗದ್ರ ಹಿತ್ತಾಳಿ ಹರಿವಾಣ ಇತ್ತು, ಅದರ ಮ್ಯಾಲ ನಾಳಿನ ನಾಟಕಕ್ಕ ತಂದಿಟ್ಟ ಹೊಸಾ ಅತ್ತರಿನ ಬಾಟ್ಲಿ. ಕಾರ್ಯದರ್ಶಿ ಅಂತ ನನ್ನ ಹಂತೇಕ ಇಟ್ಟಿದ್ರು. ಮುಚ್ಚಳಾ ತಗದು ದೊಡ್ಡವ್ವನ ಕಿವಿ ಹಿಂದ ಎರಡ ಹನಿ ಹಾಕಿದ್ನಿ. ಆಮ್ಯಾಲ ಕೈಗೆ ಹಾಕಿದ್ನಿ. ಆ ಎರಡೂ ಕೈಗೆ, ಬಾಟ್ಲಿ ಬರಿದಾಗೂಮಟ.

ಕದಾ ತೆಗದ್ನಿ. ಪಡಸಾಲ್ಯಾಗ ಎಲ್ಲಾರೂ ಹಿಂದ ಸರದ್ರು, ನಾ ಅಂದುಕೊಂಡಂಗ. ಅಧ್ಯಕ್ಷಬಾಯಿ ಹೊಟೇಲಿಂದ ಚಾ ತರಿಸಿದ್ರು. ನನ್ನ ಶೋಕೇಸಿನ ಕಪ್ಪು-ಬಸಿ ಇಳಿಸಿ ಎಲ್ಲಾರಿಗೂ ಹಾಕಿ ಕೊಟ್ಟಿದ್ರು. ನನಗ ಮತ್ತ ಬಾಜೂಮನಿಯಾಕಿಗೆ ಎರಡು ಪೇಪರ್ ಕಪ್ಪು, ಅದನ್ನೂ ಕೈಯಾಗ ಕೊಡಲಿಲ್ಲ, ಕಟ್ಟಿಮ್ಯಾಲ ಇಟ್ರು. ನನ್ನ ಮನಿ, ನನ್ನ ಕಪ್ಪು. ನಾ ಸ್ಟೀಲ್ ಲೋಟಾ ನೆನಸಿಕೊಂಡು ಸುಮ್ಮನ ಕುಡದ್ನಿ. ಬಾಜೂಮನಿಯಾಕಿ ಒಮ್ಮೆ ಕಪ್ಪು ನೋಡಿ, ಒಮ್ಮೆ ಅವರ ಮಾರಿ ನೋಡಿ, ಅಯ್ಯ ಶಿವನ ಅಂತ ಸಣ್ಣಗ ಅಂದು ತಾನೂ ಕುಡದ್ಳು.

ಖಾನಾಪುರಕ್ಕ ಹೋಗೂ ಗಾಡಿ ಓಣಿ ತುದಿಗೆ ಬಂದು ನಿಂತಿತ್ತು, ದೊಡ್ಡವ್ವನ್ನ ಅದರಾಗ ಮಲಗಿಸಿ ಆಗಿತ್ತು. ಅಧ್ಯಕ್ಷಬಾಯಿ ಹಂತೇಕ ಬಂದು, ಪೂರಾ ಹಂತೇಕ ಅಲ್ಲ, ನಾಳೆ ನಸುಕಿನ್ಯಾಗ ನೀವು ಇರೂದಿಲ್ಲ, ಹರಿವಾಣ ಬಾಟ್ಲಿ ಈಗ ಕೊಟ್ಟುಬಿಡ್ರಿ ಅಂದ್ರು. ತಂದು ಕೊಟ್ನಿ. ಬಾಟ್ಲಿ ಬೆಳಕಿಗೆ ಹಿಡದು ನೋಡಿದ್ರು. ಇದೇನ್ರಿ, ಖಾಲಿ ಐತಲ್ಲ, ಅಷ್ಟೂ ಹಾಳ ಮಾಡಿದ್ರೇನು ಅಂದ್ರು. ಇಷ್ಟು ವರ್ಷ ಆ ಅಧ್ಯಕ್ಷಬಾಯಿ ಎದುರ ನುಂಗಿದ ಮಾತು ಒಂದ ಆಗಿ ಹೊರಗ ಬಂತು.

"ನಾಳೆ ಗೋರಿ ಖಾಲಿ ಇರತೈತ್ರಿ ಬಾಯಾರ. ಅಲ್ಲೆ ಯಾರಿಗೆ ಹಚ್ಚಾವ್ರು ಇದ್ರಿ?"

ಅಧ್ಯಕ್ಷಬಾಯಿ ಖಾಲಿ ಬಾಟ್ಲಿ ಹರಿವಾಣದಾಗ ಇಟಗೊಂಡು ನಿಂತ್ರು. ಪೇಪರ್ ಕಪ್ಪು ಎರಡೂ ಒಂದರಾಗ ಒಂದು ಇಟ್ಟು ಮೂಲಿಗೆ ಒಗದು, ನಾನೂ ಬಾಜೂಮನಿಯಾಕೀನೂ ಗಾಡಿ ಹತ್ತಿ ದೊಡ್ಡವ್ವನ ಆಜೂಬಾಜು ಕುಂತ್ವಿ.